ಅಚ್ಚಿನ ಕೆಳಗೊಂದು ಬಾಳೆಹಣ್ಣು

ತಾಂಡ್ಯದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ಸಂಘಮಿತ್ರಾ ಆಗಲೇ ಬಂದು ಮಿಷನ್‌ಗಳ ನಡುವೆ ನಿಂತಿದ್ದಾರೆ. ಹೆಮ್ಮರಗಾಲದಿಂದ ಸ್ಕೂಟರಿನಲ್ಲಿ ಬಂದವರು ತಲೆಗೆ ಸುತ್ತಿದ ದುಪಟ್ಟಾವನ್ನೂ ಬಿಚ್ಚಿಲ್ಲ. ಕೈಯಲ್ಲಿನ ಟೀ ಆರುತ್ತಿದೆ. ನಿನ್ನೆ ಸಂಜೆ ಅವರು ಇಲ್ಲಿನ ಎಲ್ಲ ಮಿಷನ್‌ಗಳಿಂದ ಒಂದು ಹಳೆಯ ನಿಯಮವನ್ನು ಕಿತ್ತುಹಾಕಿದ್ದಾರೆ. ಅದರಿಂದ ಇವತ್ತು ಒಂದೇ ಒಂದು ಮಿಷನ್ ನಿಂತರೂ ಆ ನಿಯಮ ವಾಪಸ್ ಬರುತ್ತದೆ. ಮ್ಯಾನೇಜರ್ ಅಮೃತೇಶ್ ಒಪ್ಪಿದ್ದೇ ಆ ಷರತ್ತಿನ ಮೇಲೆ.

"ವಾಪಸ್ ಬಂದ್ರೆ ಇನ್ನೊಬ್ರ ಕೈ ಓಯ್ತದೆ," ಎನ್ನುತ್ತಾರೆ ಸಂಘಮಿತ್ರಾ.

ಇಲ್ಲಿನ ಮಿಷನ್‌ಗಳು ಅಲಗಿನ ಅಚ್ಚು ಇಳಿಸಿ ರಟ್ಟು ಕತ್ತರಿಸುವುದು ಕೆಲಸಗಾರರೇ ಬರೆದ ಆಜ್ಞೆಗಳ ಪ್ರಕಾರ. ಹಿಂದೆ ಇದ್ದ ಎಂಜಿನಿಯರೊಬ್ಬರು ಅದಕ್ಕೆಂದೇ ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿ, ಆಮೇಲೆ ಕೆಲಸ ಬಿಟ್ಟು ಹೋದರು. 'ಹಾಳೆ ಎಳೆ', 'ಅಚ್ಚು ಇಳಿಸು', ಎಲ್ಲವೂ ಕನ್ನಡದಲ್ಲೇ. ಪೆಟ್ಟಿಗೆಯ ಅಳತೆ ಬದಲಾದಂತೆ ಆಪರೇಟರುಗಳೇ ಸಾಲುಗಳನ್ನು ತಿದ್ದಿಕೊಳ್ಳುತ್ತಾರೆ. ಡಿಪ್ಲೊಮಾ ಮುಗಿಸಿ ರಿಪೇರಿ ವಿಭಾಗಕ್ಕೆ ಸೇರಿದ ಸಂಘಮಿತ್ರಾರ ಹೆಗಲಿಗೆ ಆ ಭಾಷೆ ಬಿತ್ತು. ಬೇರೆ ಯಾರಿಗೂ ಅದು ಬೇಡವಾಗಿತ್ತು.

ಭಾಷೆಯಲ್ಲೊಂದು ಕೊಕ್ಕೆ ಇತ್ತು, ಅದೇ ಆ ಹಳೆಯ ನಿಯಮ. 'ಬಾಗಿಲು ಮುಚ್ಚಿದ್ದರೆ' ಎಂದು ಬರೆದರೆ ಆ ಷರತ್ತು ಅದರ ಕೆಳಗಿನ ಒಂದೇ ಸಾಲಿಗೆ ಅನ್ವಯಿಸುತ್ತಿತ್ತು. ಓದಿದವರಿಗೆ ಮಾತ್ರ ಎರಡನೆಯ ಸಾಲೂ ಷರತ್ತಿನೊಳಗೇ ಇದೆ ಅನ್ನಿಸುತ್ತಿತ್ತು. ತಿ. ನರಸೀಪುರದ ಕಡೆಯಿಂದ ಬರುವ ಚೆಲುವರಾಜು ಒಂದು ದಿನ ಆ ಷರತ್ತಿನ ಕೆಳಗಿದ್ದ 'ಅಚ್ಚು ಇಳಿಸು' ಎಂಬುದರ ಮೇಲೆ 'ಹಾಳೆ ಎಳೆ' ಎಂದು ಸೇರಿಸಿದರು. ಆಮೇಲೆ ಸಿಕ್ಕಿಕೊಂಡ ಹಾಳೆ ಬಿಡಿಸಲು ಅಚ್ಚಿನ ಮುಂದೆ ರಕ್ಷಣೆಗೆಂದು ಇರುವ ಕಾಪಿನ ಬಾಗಿಲು ತೆರೆದು ಕೈ ಹಾಕಿದರು. ಬಾಗಿಲು ತೆರೆದಿದ್ದರಿಂದ ಹೊಸ ಹಾಳೆ ಬರಲಿಲ್ಲ. ಷರತ್ತಿನ ಹೊರಗೆ ಬಿದ್ದಿದ್ದ ಅಚ್ಚು ಮಾತ್ರ ಇಳಿಯಿತು. ಬಲಗೈಯ ಎರಡು ಬೆರಳು ಹೋದವು. ಈಗ ಅವರು ಗೇಟಿನ ಕಾವಲುಗಾರ.

ವಿಚಾರಣೆಯಲ್ಲಿ ತಪ್ಪು ಚೆಲುವರಾಜು ಅವರದೇ ಎಂದಾಯಿತು. ಸಂಘಮಿತ್ರಾ ಒಪ್ಪಲಿಲ್ಲ. "ಓದುದ್ರೆ ನಂಗೂ ಅಂಗೇ ಅನ್ನುಸ್ತು. ನಾನೂ ಅಲ್ಲೇ ಕೈ ಇಡ್ತಿದ್ದೆ. ಎಲ್ರೂ ಎಡವೋ ಕಲ್ಲಿದ್ರೆ ಎಡವಿದೋನ್ನ ಬೈಯೋದಾ, ಕಲ್ಲು ಕೀಳೋದಾ?"

ಕಲ್ಲು ಕೀಳುವುದು ಒಂದು ದಿನದ ಕೆಲಸವಲ್ಲ. ಷರತ್ತು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು 'ಇಷ್ಟೇ' ಎಂಬ ಸಾಲಿನಿಂದ ಹೇಳಲೇಬೇಕು ಎಂದು ಅವರು ಹೊಸ ನಿಯಮ ತಂದರು. ದಿಢೀರನೆ ಹೇರಿದರೆ ಕಾರ್ಖಾನೆಯೇ ನಿಂತುಬಿಡುತ್ತದೆ. ಹಾಗಾಗಿ, ಹಳೆಯ ಥರ ಬರೆದಲ್ಲೆಲ್ಲ ಪರದೆಯ ಮೂಲೆಯಲ್ಲಿ ಹಳದಿ ಎಚ್ಚರಿಕೆ ಮೂಡುವಂತೆ ಮಾಡಿ, ದಸರೆಯಿಂದ ಸಂಕ್ರಾಂತಿ ಕಳೆಯುವವರೆಗೆ ಕಾದರು. ಒಬ್ಬೊಬ್ಬರೇ ತಿದ್ದಿಕೊಂಡರು. ತಾವೇ ಕೂತು ತಿದ್ದಬಹುದಿತ್ತಲ್ಲ ಎಂದು ಕೇಳಿದರೆ ಸಂಘಮಿತ್ರಾ ಹೇಳುವುದು: "ಸಾಲು ಅವ್ರುದು. ಎಲ್ಲಿಗೆ ಮುಗೀಬೇಕು ಅಂತ ಬರ್ದೋರ್ಗೇ ಗೊತ್ತಿರೋದು. ನಾನು ಊಹೆ ಮೇಲೆ ಆಕ್ಬುಟ್ರೆ ಅದೇ ಇನ್ನೊಂದು ಕೊಕ್ಕೆ." ಮೊನ್ನೆ ಸುತ್ತು ಹಾಕಿ ನೋಡಿದಾಗ ಯಾವ ಪರದೆಯಲ್ಲೂ ಹಳದಿ ಇರಲಿಲ್ಲ.

ಸೈರನ್ ಕೂಗುತ್ತದೆ. ಒಂದೊಂದೇ ಮಿಷನ್ ಎದ್ದು ಸದ್ದು ಮಾಡುತ್ತದೆ. ಗೋಡೆ ಪಕ್ಕದ ಹಳೆಯದು, ಚೆಲುವರಾಜು ಅವರ ಬೆರಳು ತಿಂದದ್ದು, ಏಳುವುದಿಲ್ಲ. ಪರದೆ ಕೆಂಪಾಗುತ್ತದೆ: ಎಲ್ಲೋ ಒಂದು 'ಇಷ್ಟೇ' ಇಲ್ಲ.

"ಏನವ್ವಾ ಇದು," ಈಗ ಅದನ್ನು ಓಡಿಸುವ ಹಿರಿಯ ಆಪರೇಟರ್ ಚಿಕ್ಕಬಸಪ್ಪ ಕೂಗುತ್ತಾರೆ. "ನಿನ್ ಹೊಸ ಕಾನೂನು ನನ್ ಮಿಷನ್ ಬಾಯಿಗೆ ಬೀಗ ಆಕ್ತಲ್ಲ!"

"ದಸರಾದಿಂದ ಹಳದಿ ಅಕ್ಸರ ಬತ್ತಾ ಇತ್ತಲ್ಲ ಬಸಪ್ಪಣ್ಣ?"

"ಯಾವ ಹಳದಿ? ನಾ ಕಂಡೇ ಇಲ್ಲ."

ಇಬ್ಬರೂ ಪರದೆಯ ಮೂಲೆ ನೋಡುತ್ತಾರೆ. ಆಯುಧಪೂಜೆಯಂದು ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮ ಅಲ್ಲಿ ಗಟ್ಟಿಯಾಗಿ ಕೂತಿದೆ. ಪ್ರತಿ ಸೋಮವಾರ ಅದರ ಮೇಲೇ ಇನ್ನಷ್ಟು ಬಿದ್ದಿದೆ. ಮುಂದಿನ ಪೂಜೆವರೆಗೆ ಒರೆಸಬಾರದು ಎಂಬುದು ಚಿಕ್ಕಬಸಪ್ಪನವರ ಪದ್ಧತಿ. ಇಷ್ಟು ತಿಂಗಳ ಎಚ್ಚರಿಕೆ ಆ ಕುಂಕುಮದ ಹಿಂದೆಯೇ ಮಿನುಗಿ ಆರಿದೆ. ಸಂಘಮಿತ್ರಾರ ಕೈ ಪರದೆಯತ್ತ ಹೋಗಿ ಅರ್ಧಕ್ಕೇ ನಿಲ್ಲುತ್ತದೆ. ಪೂಜೆಯ ಕುಂಕುಮವನ್ನು ತಾನು ಒರೆಸಿದರೆ ಮಾತು ನಿಯಮ ಬಿಟ್ಟು ಬೇರೆಯೇ ದಾರಿ ಹಿಡಿಯುತ್ತದೆ ಎಂದು ಅವರಿಗೆ ಗೊತ್ತು.

ಅಮೃತೇಶ್ ಬರುತ್ತಾರೆ. "ಲಾರಿ ಕಾಯ್ತಾ ಇದೆ. ಹಳೇದನ್ನೇ ಹಾಕ್ಬಿಡಿ ಮೇಡಂ, ಮಾತಾಗಿತ್ತಲ್ಲ."

"ಐದ್ ನಿಮ್ಸ ಕೊಡಿ ಸಾ. ಈ ಸಾಲು ಬರ್ದೋರು ಗೇಟಲ್ಲೇ ಅವ್ರೆ."

ಅಮೃತೇಶ್ ಗಡಿಯಾರ ನೋಡುತ್ತಾರೆ, ಬೇಡ ಎನ್ನುವುದಿಲ್ಲ. ಗೇಟಿನಿಂದ ಕರೆಸಿದ ಚೆಲುವರಾಜು ಅಪಘಾತದ ನಂತರ ಈ ಮಿಷನ್ ಮುಂದೆ ನಿಲ್ಲುತ್ತಿರುವುದು ಇದೇ ಮೊದಲು. ಅಂದು ಅವರು ಸೇರಿಸಿದ್ದ ಸಾಲನ್ನು ಆಗಲೇ ಅಳಿಸಲಾಗಿತ್ತು. ಬೇರೆ ಅಳತೆಗಳಿಗೆ ಅವರು ಬರೆದದ್ದು ಹಾಗೇ ಉಳಿದಿತ್ತು. ಎಡಗೈ ಬೆರಳಿಟ್ಟು ನಿಧಾನ ಓದುತ್ತಾರೆ. "ಹಾಳೆ, ಅಚ್ಚು, ಎರಡೂವೆ ಬಾಗ್ಲು ಮುಚ್ಚಿದ್ರೇನೆ. ಇಲ್ಲಿಗೆ ಮುಗೀತು ಕಣವ್ವ." ಅಲ್ಲೊಂದು 'ಇಷ್ಟೇ' ಸೇರಿಸುತ್ತಾರೆ. ಕೆಂಪು ಹೋಗುತ್ತದೆ.

"ಸರಿ, ಈಗ ಕೈ ಯಾರ್ಲಾ ಇಡೋರು?" ಎನ್ನುತ್ತಾರೆ ಚಿಕ್ಕಬಸಪ್ಪ. ಬೆಳಗಿನ ಪೂಜೆಯ ಬಾಳೆಹಣ್ಣೊಂದನ್ನು ಅವರೇ ಅಚ್ಚಿನ ಕೆಳಗಿಟ್ಟು, ಬಾಗಿಲು ತೆರೆದೇ ಬಿಟ್ಟು, ಗುಂಡಿ ಒತ್ತುತ್ತಾರೆ. ಮೋಟಾರ್ ಗುಂಯ್‌ಗುಡುತ್ತದೆ. ಚೆಲುವರಾಜು ಬಲಗೈಯನ್ನು ಬೆನ್ನ ಹಿಂದೆ ಹಿಡಿದಿದ್ದಾರೆ.

ಅಚ್ಚು ಇಳಿಯುವುದಿಲ್ಲ.

ಸಂಘಮಿತ್ರಾ ಕರೆಂಟ್ ಆರಿಸುತ್ತಾರೆ. ಆಮೇಲೆ ಚೆಲುವರಾಜು ಅದೇ ಬಲಗೈ ಒಳಗೆ ಹಾಕಿ ಹಣ್ಣು ತೆಗೆಯುತ್ತಾರೆ. "ಪೂಜೆ ಅಣ್ಣು ಕಣ್ಲಾ, ಕಣ್ಗೊತ್ಕೊಂಡು ತಿನ್ನು," ಎಂದು ಗದರಿದ ಚಿಕ್ಕಬಸಪ್ಪ, ಹೆಗಲ ಟವೆಲಿನಿಂದ ತಾವೇ ಪರದೆ ಒರೆಸಿ, ಅದರ ಮೇಲಿನ ಕಬ್ಬಿಣದ ಚೌಕಟ್ಟಿಗೆ ಹೊಸ ಕುಂಕುಮ ಇಡುತ್ತಾರೆ. "ಅಣೇಲಿರಬೇಕಾದ್ದು ಕಣ್ಣಲ್ಲಿ ಕೂತಿತ್ತು."

ಅಮೃತೇಶ್ ಲಾರಿಯತ್ತ ಹೋಗುತ್ತಾರೆ. ಹಳೆಯ ನಿಯಮ ಮರಳುವುದಿಲ್ಲ. ಸಂಘಮಿತ್ರಾ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ. ಇನ್ನು ಮೇಲೆ ಮೂಲೆಗಳನ್ನು ನಂಬುವುದಿಲ್ಲವಂತೆ. ಎಚ್ಚರಿಕೆ ಪರದೆಯ ನಡುವೆಯೇ ಬರುತ್ತದಂತೆ. ಸನ್ಮಾನ, ಪ್ರಶಸ್ತಿ ಎಂದರೆ ನಕ್ಕುಬಿಡುತ್ತಾರೆ. ಆಸೆ ಮಾತ್ರ ಒಂದಿದೆ.

"ಮುಂದೆ ಸೇರೋರು ಚೆಲುವಣ್ಣನ ಕೈ ನೋಡಿ ಎಂಗಾಯ್ತಣ್ಣ ಅಂತ ಕೇಳ್ಬೇಕು. ಅವ್ರು ಇದ್ದಿದ್ದು ಇದ್ದಂಗೇ ಹೇಳ್ಬೇಕು. ಇಂತಾ ರೂಲು ಯಾರಾದ್ರೂ ಇಡ್ತಾರಾ, ಸುಳ್ಳು ಬುಡಣ್ಣ ಅಂತ ಕೇಳ್ದೋರು ನಂಬ್ದಂಗೇ ಓಗ್ಬೇಕು."