ಸಿಲಿಂಡರ್ ಶೆಡ್ಡಿನ ಮೀಟರಮ್ಮ

ಸರ್ಕಾರಿ ಪರೀಕ್ಷಾಲಯದ ಹಿಂಭಾಗದ ಶೆಡ್ಡಿನಲ್ಲಿ ಅವಳು ಹತ್ತೊಂಬತ್ತು ವರ್ಷ ಗ್ಯಾಸ್ ಸಿಲಿಂಡರುಗಳನ್ನು ಒಡೆದಳು. ಒತ್ತಡ ತುಂಬುವುದು, ಯಾವುದು ಎಷ್ಟಕ್ಕೆ ಸಿಡಿಯುತ್ತದೆ ಎಂದು ಬರೆದಿಡುವುದು, ಇಷ್ಟೇ ಅವಳ ಕೆಲಸ. ಒತ್ತಡ ತೋರಿಸುವ ಗೇಜಿನ ಮುಳ್ಳಿನಿಂದ ಕಣ್ಣು ಕೀಳದ ಅವಳನ್ನು ಎಲ್ಲರೂ ಮೀಟರಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅದೇ ಶೆಡ್ಡಿನಲ್ಲಿ ಫಿಟರ್ ಆಗಿದ್ದ ಅವಳ ಸ್ವಂತ ಅಣ್ಣ.

"ಗಂಡನಿಗೆ ಊಟ ಬಡಿಸುವಾಗಲೂ ಒತ್ತಡ ಎಷ್ಟಾಯ್ತು ಅಂತ ಕೇಳ್ತಾಳೆ ಕಣ್ರೋ ಇವಳು" ಎಂದು ಅವನು ಎಲ್ಲರೆದುರು ಕಾಲೆಳೆಯುತ್ತಿದ್ದ.

ಗ್ಯಾಸಿನಿಂದ ಓಡುವ ಬಸ್ಸುಗಳಿಗೆ ಹಗುರವಾದ ಸಿಲಿಂಡರು ತಯಾರಿಸಲು ಪರೀಕ್ಷಾಲಯವೂ ಒಂದು ಖಾಸಗಿ ಕಂಪನಿಯೂ ಜಂಟಿ ಸಂಶೋಧನೆಯ ಒಪ್ಪಂದ ಮಾಡಿಕೊಂಡವು. ಶೆಡ್ಡು ಮತ್ತು ಕೆಲಸಗಾರರು ಸರ್ಕಾರದ ಕಡೆಯಿಂದ. ಸಿಲಿಂಡರು, ಪಂಪು, ಇಂಜಿನಿಯರು ಕಂಪನಿಯ ಕಡೆಯಿಂದ. ಮೊದಲ ವಾರವೇ ಜಗಳ ಹತ್ತಿತು. ಸಿಲಿಂಡರಿಗೆ ನೀರು ತುಂಬಿ ಪರೀಕ್ಷಿಸಿದರೆ ಅದು ಸೀಳಿ ಸುಮ್ಮನಾಗುತ್ತದೆ. ಗಾಳಿ ತುಂಬಿದರೆ ಬಾಂಬಿನಂತೆ ಸಿಡಿಯುತ್ತದೆ. ಬಸ್ಸಿನಲ್ಲಿ ಅದು ಹೊರುವುದು ಗ್ಯಾಸನ್ನೇ ಎಂದು ಇಂಜಿನಿಯರಿಗೆ ಗಾಳಿಯೇ ಬೇಕಿತ್ತು.

"ಪರೀಕ್ಷೆ ಕೋಣೆಯ ಈ ಗೋಡೆ ಗಾಳಿಯ ಪೆಟ್ಟು ತಡೆಯಲ್ಲ ಸಾರ್" ಎಂದಳು ಮೀಟರಮ್ಮ.

"ನಿಮ್ಮ ಡೈರೆಕ್ಟರ್ ಒಪ್ಪಿದ್ದಾರೆ. ನೀವು ಗೇಜು ನೋಡಿ, ಸಾಕು."

ಡೈರೆಕ್ಟರು ನಿಜಕ್ಕೂ ಸಹಿ ಹಾಕಿದ್ದರು.

ಒಂದು ಬೆಳಿಗ್ಗೆ ಆರನೆಯ ಸಿಲಿಂಡರಿನ ಕತ್ತಿನಲ್ಲಿ ಸೋರಿಕೆ ಕಾಣಿಸಿತು. ಪರೀಕ್ಷೆ ಕೋಣೆಯ ಒಳಗೆ ಹೋಗುವ ಮೊದಲು ಸಿಲಿಂಡರಿನ ಗಾಳಿ ಬಿಡಬೇಕು. ಆದರೆ ಬಿಟ್ಟರೆ ಮೂರು ದಿನದ ಪರೀಕ್ಷೆ ಮೊದಲಿನಿಂದ ಶುರು. ವಾಲ್ವಿನ ಬಳಿಯಿದ್ದ ಇಂಜಿನಿಯರು ಕೂಗಿದ: "ಗಾಳಿ ಬಿಟ್ಟಾಯ್ತು, ಹೋಗಿ ಬಿಗಿ ಮಾಡಿ!"

ಅಣ್ಣ ಸ್ಪಾನರ್ ಹಿಡಿದು ಒಳಗೆ ನಡೆದ. ಮೀಟರಮ್ಮ ಗೇಜು ನೋಡಿದಳು. ಮುಳ್ಳು ಕದಲಿರಲೇ ಇಲ್ಲ.

"ಅಣ್ಣಾ, ಆಚೆ ಬಾ!"

ಅವನು ತಿರುಗುವಷ್ಟರಲ್ಲಿ ಸಿಲಿಂಡರು ಸಿಡಿಯಿತು. ಕಬ್ಬಿಣದ ಬಾಗಿಲು ಕಿತ್ತು ಹಾರಿತು, ಗೋಡೆ ಬಾಯಿಬಿಟ್ಟಿತು. ಮೀಟರಮ್ಮನ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ತನ್ನ ಕಿರುಚಾಟ ತನಗೇ ಕೇಳುತ್ತಿರಲಿಲ್ಲ. ಧೂಳಿನಲ್ಲಿ ತೆವಳಿಕೊಂಡು ಹೋಗಿ ಅಣ್ಣನನ್ನು ಮುಟ್ಟಿದಳು. ಅವನ ಎದೆ ಒಳಗೆ ಕುಸಿದಿತ್ತು. ಸ್ಪಾನರ್ ಇನ್ನೂ ಮುಷ್ಟಿಯಲ್ಲೇ ಇತ್ತು.

ತಲೆಯೆತ್ತಿದಾಗ ಇಂಜಿನಿಯರು ಕಾಣಿಸಿದ. ಆಂಬ್ಯುಲೆನ್ಸಿಗೆ ಫೋನು ಮಾಡುವುದು ಬಿಟ್ಟು, ಒತ್ತಡದ ಗೆರೆ ಎಳೆಯುವ ಯಂತ್ರದಿಂದ ಅವನು ಕಾಗದ ಹರಿದುಕೊಳ್ಳುತ್ತಿದ್ದ. ಗಾಳಿ ಬಿಟ್ಟಿರಲಿಲ್ಲ ಎನ್ನುವುದಕ್ಕೆ ಉಳಿದಿದ್ದ ಸಾಕ್ಷಿ ಆ ಕಾಗದವೊಂದೇ.

ಮೀಟರಮ್ಮ ಅವನ ಮೇಲೆ ಬಿದ್ದಳು. ಅವನು ಮೊಣಕೈಯಿಂದ ಅವಳ ಬಾಯಿಗೆ ಗುದ್ದಿದ, ಹಲ್ಲೊಂದು ಮುರಿಯಿತು. ಅವಳು ಅವನ ಮಣಿಕಟ್ಟು ಕಚ್ಚಿ ಹಿಡಿದಳು. ಅವನು ಕೂದಲು ಜಗ್ಗಿದರೂ ಬಿಡಲಿಲ್ಲ. ಕಾಗದ ಕೈಯಿಂದ ಜಾರಿದ ಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಕಾಲರ್ ಹಿಡಿದು ಮುಖವನ್ನು ಪಂಪಿನ ಅಂಚಿಗೆ ಒಂದು ಸಲ ಅಪ್ಪಳಿಸಿದಳು, ಮತ್ತೊಂದು ಸಲ ಅಪ್ಪಳಿಸಿದಳು. ಮೂರನೆಯದಕ್ಕೆ ಎತ್ತಿದಾಗ ವಾಚ್‌ಮನ್ ಓಡಿಬಂದು ಅವಳನ್ನು ಎಳೆದುಕೊಂಡ.

ತನಿಖೆಗೆ ಮೊದಲು ಡೈರೆಕ್ಟರು ಅವಳನ್ನು ಕೋಣೆಗೆ ಕರೆಸಿದರು. ಪರೀಕ್ಷಾಲಯ ಮತ್ತು ಕಂಪನಿ ಸೇರಿ ಬರೆದ ವರದಿ ಮೇಜಿನ ಮೇಲಿತ್ತು: ಫಿಟರ್ ಅಪ್ಪಣೆಯಿಲ್ಲದೆ ಒಳಗೆ ಹೋದ.

"ಸಹಿ ಮಾಡಮ್ಮ. ಒಪ್ಪಂದ ಮುರಿದರೆ ಪರೀಕ್ಷಾಲಯಕ್ಕೇ ಬೀಗ ಬೀಳುತ್ತೆ. ನೀನು ಹೊಡೆದದ್ದನ್ನೂ ಮರೆತುಬಿಡ್ತೀವಿ."

"ನೀವು ಮರೀಬೇಡಿ ಸಾರ್. ಅದನ್ನೂ ಬರೀರಿ" ಎಂದು ಅವಳು ಎದ್ದು ಬಂದಳು.

ತನಿಖಾಧಿಕಾರಿಯ ಮುಂದೆ ರಕ್ತದ ಕಲೆಯ ಕಾಗದವನ್ನು ಬಿಡಿಸಿಟ್ಟಳು. ಒತ್ತಡದ ಗೆರೆ ಎಲ್ಲೂ ಇಳಿಯದೆ ನೇರವಾಗಿ ಸಾಗಿ, ಒಮ್ಮೆಲೇ ಕೆಳಗೆ ಬಿದ್ದಿತ್ತು. ಇಂಜಿನಿಯರಿಗೆ ಜೈಲಾಯಿತು. ಡೈರೆಕ್ಟರಿಗೆ ವರ್ಗವಾಯಿತು, ಅಷ್ಟೇ. ಒಪ್ಪಂದ ರದ್ದಾಯಿತು, ಆ ಸಿಲಿಂಡರು ಯಾವ ಬಸ್ಸನ್ನೂ ಏರಲಿಲ್ಲ. ಪರೀಕ್ಷಾಲಯಕ್ಕೆ ಬೀಗವೇನೂ ಬೀಳಲಿಲ್ಲ. ಹೊಡೆದದ್ದಕ್ಕಾಗಿ ಮೀಟರಮ್ಮ ಆರು ತಿಂಗಳು ಕೆಲಸದಿಂದ ಹೊರಗಿದ್ದಳು. ಎಡಗಿವಿ ಮರಳಿ ಕೇಳಲೇ ಇಲ್ಲ.

ಆ ದಿನಗಳಲ್ಲೊಮ್ಮೆ ಅತ್ತಿಗೆ ಅಣ್ಣನ ಅಂಗಿಗಳನ್ನು ಮಡಿಸುತ್ತಾ, ಅವಳ ಬಲಗಿವಿಯ ಕಡೆಗೆ ಸರಿದು ಕೇಳಿದಳು: "ಆ ಇಂಜಿನಿಯರಿಗೆ ಹೊಡೆದೆಯಲ್ಲ, ಸ್ವಲ್ಪನಾದರೂ ಸಮಾಧಾನ ಆಯ್ತೇನೇ?"

"ಇಲ್ಲ ಅತ್ತಿಗೆ" ಎಂದಳು ಮೀಟರಮ್ಮ. "ವಾಚ್‌ಮನ್ ಬರದಿದ್ದರೆ ಕೊಂದೇಬಿಡ್ತಿದ್ದೆ. ಆಗಲೂ ಆಗ್ತಿರಲಿಲ್ಲ."

ಅತ್ತಿಗೆ ಇನ್ನೊಂದು ಅಂಗಿ ತೆಗೆದುಕೊಂಡಳು.