ಮುಚ್ಚಳ ಸಾರ್ ತಳ್ಳಿದ ನಾಲ್ಕು ಸಾಲು

ನಮ್ಮನೆಯವರಿಗೆ ಆಫೀಸಿನಲ್ಲಿ ಮುಚ್ಚಳ ಸಾರ್ ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ಹೇಳಿದವರೇ ಅವರು, ಅದೂ ಬಿರುದು ಬಂದವರ ಹಾಗೆ ನಗುತ್ತಾ. ಕೆಲಸ ಪೂರ್ತಿ ಆಗುವವರೆಗೆ ಯಾರಿಗೂ ತೋರಿಸದಿರುವುದು ದೊಡ್ಡ ಗುಣ ಎಂದು ಆಗ ಅವರ ನಂಬಿಕೆ.

ಆ ಗುಣ ಬಂದದ್ದು ನಮ್ಮತ್ತೆಯಿಂದ. ಅತ್ತೆಯ ಒಲೆಯ ಮೇಲಿರುವ ಪಾತ್ರೆಯ ಮುಚ್ಚಳವನ್ನು ಯಾರಾದರೂ ಎತ್ತಿದರೆ ಅವರು ಸೌಟು ಎತ್ತುತ್ತಾರೆ. "ಮೊದ್ಲು ಬೇಯ್ಲಿ, ಆಮೇಲೆ ನೋಡೋರಂತೆ" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಉಪ್ಪು ನೋಡಲು ಹೋಗಿ ನಾನೂ ಬೈಸಿಕೊಂಡಿದ್ದೇನೆ. ನನಗೂ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಎರಡು ದಿನ ನಾವಿಬ್ಬರೂ ಇವರ ಮೂಲಕವೇ ಮಾತಾಡಿದೆವು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ನನ್ನ ಯಂತ್ರ, ಇನ್ನೊಂದು ತುದಿಯಲ್ಲಿ ಅವರ ಕಂಪ್ಯೂಟರ್. ವಾರದಲ್ಲಿ ಒಂದೆರಡು ದಿನ ಆಫೀಸಿಗೆ ಹೋಗುವುದು ಬಿಟ್ಟರೆ ಅವರದ್ದೂ ಮನೆಯಿಂದಲೇ ಕೆಲಸ. ಅವರ ಕೀಲಿಮಣೆಯ ಸಂದಿಯಲ್ಲಿ ನನ್ನ ದಾರದ ಚೂರುಗಳು ಸಿಗುತ್ತವೆ, ನನ್ನ ಗುಂಡಿಗಳ ಡಬ್ಬಿಯಲ್ಲಿ ಅವರ ಚಾರ್ಜರಿನ ತುದಿ ಸಿಗುತ್ತದೆ. ಹೀಗೆ ಪಕ್ಕದಲ್ಲೇ ಕೂತು ಕೂತು ಅವರ ಕೆಲಸ ನನಗೂ ಒಂದಿಷ್ಟು ಅರ್ಥವಾಗಿದೆ. ಅವರ ಕಂಪನಿ ಆಸ್ಪತ್ರೆಗಳಿಗೆ ಟೋಕನ್ ನಂಬರು ಕರೆಯುವ ಪ್ರೋಗ್ರಾಂ ಮಾಡಿಕೊಡುತ್ತದೆ. ಎಲ್ಲರೂ ಬರೆದ ಕೋಡು ದೂರದ ಒಂದು ಕಂಪ್ಯೂಟರಿನಲ್ಲಿ ಒಟ್ಟಿಗೆ ಇರುತ್ತದೆ. ಅವರು ಅದನ್ನು ರೆಪೊಸಿಟರಿ ಎನ್ನುತ್ತಾರೆ, ನಾನು ಉಗ್ರಾಣ ಎನ್ನುತ್ತೇನೆ. ಪ್ರತಿಯೊಬ್ಬರೂ ಉಗ್ರಾಣದಲ್ಲಿರುವುದನ್ನು ತಮ್ಮ ಕಂಪ್ಯೂಟರಿಗೆ ಎಳೆದುಕೊಳ್ಳಬೇಕು, ತಾವು ಮಾಡಿದ್ದನ್ನು ಮತ್ತೆ ಅಲ್ಲಿಗೆ ತಳ್ಳಬೇಕು. ದಿನಾ ಎಳೆದು ದಿನಾ ತಳ್ಳುತ್ತಿದ್ದರೆ ಯಾರು ಏನು ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮನೆಯವರು ಮಾತ್ರ ಎಳೆಯುತ್ತಲೂ ಇರಲಿಲ್ಲ, ತಳ್ಳುತ್ತಲೂ ಇರಲಿಲ್ಲ. "ಅವರದ್ದೆಲ್ಲ ಈಗ್ಲೇ ಎಳ್ಕೊಂಡ್ರೆ ನನ್ನ ತಲೆ ಕೆಡುತ್ತೆ ಕಣೆ. ನಂದು ಮುಗೀಲಿ, ಒಟ್ಟಿಗೆ ನೋಡ್ಕೋತೀನಿ" ಎನ್ನುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ದಿನ ಅತ್ತೆಗೆ ಕಣ್ಣು ತೋರಿಸಬೇಕಿತ್ತು. ನನಗೆ ಕೈತುಂಬ ಕೆಲಸವಿತ್ತು, ಇವರು ಅವರನ್ನು ಆಸ್ಪತ್ರೆಯಲ್ಲಿ ಕೂರಿಸಿ ಆಫೀಸಿಗೆ ಹೋದರು. ಅತ್ತೆಗೆ ಕಿವಿ ಮಂದ. ಬೋರ್ಡಿನ ಅಕ್ಷರ ಕಾಣಲು ಕಣ್ಣೂ ಸರಿಯಿಲ್ಲ, ಅದಕ್ಕೇ ತಾನೆ ಹೋದದ್ದು! ನಂಬರು ಕರೆದದ್ದು ತಿಳಿಯಲಿಲ್ಲ. ಹೋಗಿ ಕೇಳಿದರೆ ನರ್ಸು, "ನಿಮ್ ನಂಬರ್ ಹೋಯ್ತಲ್ಲ ಅಜ್ಜಿ, ಬೇರೆ ಟೋಕನ್ ತಗೊಂಡು ಕೂತ್ಕೊಳ್ಳಿ" ಎಂದರಂತೆ. ಬೆಳಿಗ್ಗೆ ಹೋದವರು ಮನೆಗೆ ಬಂದಾಗ ಸಂಜೆಯಾಗಿತ್ತು. ಅತ್ತೆ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಕೈಕಾಲು ತೊಳೆದು, "ನಂದೇ ತಪ್ಪು ಬಿಡು, ಕಿವುಡಿ ಒಬ್ಬಳೇ ಹೋಗಬಾರದು" ಎಂದಷ್ಟೇ ಹೇಳಿ ಮಲಗಿದರು.

ಅದು ಇವರದೇ ಕಂಪನಿಯ ಪ್ರೋಗ್ರಾಂ. ಮಾರನೆಯ ದಿನವೇ ಮ್ಯಾನೇಜರನ್ನು ಕೇಳಿ, ನಂಬರು ತಪ್ಪಿಸಿಕೊಂಡವರಿಗೆ ದಾರಿ ಮಾಡುವ ಕೆಲಸವನ್ನು ತಾವೇ ಹಾಕಿಸಿಕೊಂಡರು. ಅರ್ಧ ವರ್ಷ ಅದರಲ್ಲೇ ಮುಳುಗಿದರು. ಯಾರಿಗೆ ವಯಸ್ಸಾಗಿದೆ, ಯಾರು ಎಷ್ಟು ನಿಧಾನ ನಡೆಯುತ್ತಾರೆ, ಯಾವ ಡಾಕ್ಟರು ಎಷ್ಟು ಹೊತ್ತು ನೋಡುತ್ತಾರೆ, ಎಲ್ಲಕ್ಕೂ ಲೆಕ್ಕ. ಊಟಕ್ಕೆ ಕರೆದರೆ "ಹೂಂ" ಎನ್ನುತ್ತಿದ್ದರು, ಏಳುತ್ತಿರಲಿಲ್ಲ. ಅಷ್ಟು ದಿನವೂ ಒಂದು ಸಾಲನ್ನೂ ತಳ್ಳಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಮೇಜಿಗೆ ಬಂದರು. ಮನೆಯಲ್ಲೇ ಕೂರುವವರಿಗೆ ಇಸ್ತ್ರಿ ಯಾಕೆ ಎಂದು ನಾನು ನಕ್ಕೆ. "ಇವತ್ತು ತಳ್ತೀನಿ" ಎಂದರು. ನಾನು ಯಂತ್ರ ನಿಲ್ಲಿಸಿ ನೋಡುತ್ತಾ ಕೂತೆ.

ಒತ್ತಿದರು. ಉಗ್ರಾಣ ಬೇಡವೆಂದಿತು. ನಿನ್ನ ಹತ್ತಿರ ಇಲ್ಲದ್ದು ಇಲ್ಲಿ ಬಹಳ ಇದೆ, ಮೊದಲು ಎಳೆದುಕೋ ಎನ್ನುತ್ತದಂತೆ. ಎಳೆದುಕೊಂಡರು. ಪರದೆಯ ತುಂಬ ಗೆರೆಗಳೂ ಬಾಣದ ಗುರುತುಗಳೂ ಬಂದವು. ಒಂದೇ ಜಾಗದಲ್ಲಿ ಇಬ್ಬರು ಕೈ ಹಾಕಿದರೆ ಕಂಪ್ಯೂಟರು ಮೇಲೆ ಒಬ್ಬರದ್ದು, ಕೆಳಗೆ ಇನ್ನೊಬ್ಬರದ್ದು ಇಟ್ಟು, ಯಾವುದು ಉಳಿಯಲಿ ನೀನೇ ಹೇಳು ಎಂದು ಕೇಳುತ್ತದೆ. ಅವರ ಇನ್ನೊಂದು ಆಫೀಸಿನ ಹೆಂಗಸೊಬ್ಬರು ಇದೇ ಕೆಲಸವನ್ನು ಮಾಡಿ, ಎರಡು ವಾರದ ಹಿಂದೆಯೇ ತಳ್ಳಿದ್ದರು. ಇವರು ಮಾಡುತ್ತಿದ್ದಾರೆಂದು ಆಕೆಗೆ ಗೊತ್ತಾಗುವುದಾದರೂ ಹೇಗೆ? ಇವರದ್ದು ಮುಚ್ಚಳದ ಕೆಳಗಿತ್ತಲ್ಲ. ಕೆಲಸ ಕೊಟ್ಟ ಮ್ಯಾನೇಜರು ಯಾವಾಗಲೋ ಮರೆತಿದ್ದರು.

ಇವರ ಮುಖ ನೋಡಲಾಗಲಿಲ್ಲ. ಅರ್ಧ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗಾಯಿತು.

ಮ್ಯಾನೇಜರಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ನೋಡಿ ಸಾರ್, ನೀವು ಹಳಬರು. ಬಲವಂತವಾಗಿ ತಳ್ಳಿಬಿಡಿ. ನಿಮ್ಮದೇ ಉಳ್ಕೊಳ್ಳುತ್ತೆ."

"ಆಯಮ್ಮಂದು ಅಳಿಸಿ ಹೋಗುತ್ತಲ್ಲ?"

"ಹೋದ್ರೆ ಹೋಗ್ಲಿ ಬಿಡಿ, ನಾನು ಹೇಳ್ಕೋತೀನಿ."

ಫೋನು ಇಟ್ಟರು. ನನ್ನನ್ನು ಕೇಳಿದ್ದರೆ ತಳ್ಳಿ ಎನ್ನುತ್ತಿದ್ದೆ, ಸಿಟ್ಟು ಅಷ್ಟಿತ್ತು. ಅವರು ಕೇಳಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಆಕೆ ಬರೆದದ್ದನ್ನು ಮೊದಲ ಸಾಲಿನಿಂದ ಓದತೊಡಗಿದರು. ನಾನು ಒಂದು ಅಂಗಿಯ ಎರಡೂ ತೋಳು ಕೂಡಿಸುವಷ್ಟು ಹೊತ್ತು ಓದಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು.

"ನಂದಕ್ಕಿಂತ ಚೆನ್ನಾಗಿದೆ ಕಣೆ. ಅಚ್ಚುಕಟ್ಟಾಗಿದೆ. ನಾನು ಸುಮ್ನೆ ಏನೇನೋ ಕಟ್ಟಿದೀನಿ."

ಈ ಮನೆಗೆ ಬಂದಾಗಿನಿಂದ ತಾಯಿಯ ಬಾಯಲ್ಲೂ ಮಗನ ಬಾಯಲ್ಲೂ ಇಂಥ ಮಾತು ನಾನು ಕೇಳಿರಲಿಲ್ಲ.

ಆಕೆಯದರಲ್ಲಿ ಒಂದೇ ಒಂದು ಕೊರತೆ ಇತ್ತು. ನಂಬರು ತಪ್ಪಿಸಿಕೊಂಡವರು ಬೇರೆ ಟೋಕನ್ ತೆಗೆದುಕೊಳ್ಳಬೇಕಿರಲಿಲ್ಲ, ಆದರೆ ಸಾಲಿನ ಕೊನೆಗೆ ಹೋಗುತ್ತಿದ್ದರು. "ಕೊನೇಗ್ ಹೋದ್ರೆ ಅಮ್ಮ ಮತ್ತೆ ಸಂಜೆವರೆಗೂ ಕೂತ್ಕೋಬೇಕು" ಎಂದು ಗೊಣಗಿದರು. ಆಮೇಲೆ ತಮ್ಮದನ್ನು ಅಳಿಸುತ್ತಾ ಹೋದರು. ಕೈಯಾರೆ ಹೊಲಿದದ್ದನ್ನು ಬಿಚ್ಚುವ ಸಂಕಟ ನನಗೆ ಗೊತ್ತು. ಎಲ್ಲ ಅಳಿಸಿ, ಆಕೆಯ ಕೋಡಿನ ನಡುವೆ ನಾಲ್ಕು ಸಾಲು ಬರೆದರು: ತಪ್ಪಿಸಿಕೊಂಡವರನ್ನು ಕೊನೆಗೆ ಕಳಿಸಬೇಡ, ಇಬ್ಬರಾದ ಮೇಲೆ ಮತ್ತೆ ಕರೆ. ತಳ್ಳಿದರು. ಈ ಸಲ ಉಗ್ರಾಣ ಒಪ್ಪಿಕೊಂಡಿತು.

ಮ್ಯಾನೇಜರು, "ಏನ್ ಸಾರ್, ಬೆಟ್ಟ ಅಗೆದು ಇಲಿ ಹಿಡಿದ್ರಲ್ಲ" ಎಂದು ನಕ್ಕರಂತೆ. ಆ ಹೆಂಗಸು ಮಾತ್ರ ತಾವಾಗಿಯೇ ಫೋನು ಮಾಡಿದರು. "ಚೆನ್ನಾಗ್ ಮಾಡಿದ್ರಿ ಸಾರ್. ಆದ್ರೆ ನೀವು ಮೊದ್ಲೇ ಒಂಚೂರು ತಳ್ಳಿದ್ರೆ ಇಬ್ರಿಗೂ ಅರ್ಧ ಕೆಲ್ಸ ಉಳೀತಿತ್ತಲ್ಲ" ಎಂದರು. ಇವರು, "ಹೌದು ತಾಯಿ, ತಪ್ಪಾಯ್ತು" ಎಂದರು. ಅಂದಿನಿಂದ ಸಂಜೆ ಕಂಪ್ಯೂಟರು ಮುಚ್ಚುವ ಮೊದಲು ಆದಷ್ಟನ್ನು ತಳ್ಳುತ್ತಾರೆ. ಜೊತೆಗೆ "ಇನ್ನೂ ಬೆಂದಿಲ್ಲ, ನೋಡಿ ಹೇಳಿ" ಎಂದು ಬರೆಯುತ್ತಾರೆ. ಆಫೀಸಿನವರು ಅಡ್ಡಹೆಸರು ಬದಲಾಯಿಸುವ ಯೋಚನೆಯಲ್ಲಿದ್ದಾರಂತೆ.

ಮುಂದಿನ ಸಲ ಅತ್ತೆಯ ಜೊತೆ ಆಸ್ಪತ್ರೆಗೆ ನಾನು ಹೋದೆ. ನೀರು ತರಲು ಎದ್ದುಹೋಗಿ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಅತ್ತೆಯ ನಂತರದ ನಂಬರು ಇತ್ತು. ಅತ್ತೆ ಪಕ್ಕದವರಿಗೆ ನನ್ನ ದೂರು ಹೇಳುವುದರಲ್ಲಿ ಮುಳುಗಿದ್ದರು. ಕಾದೆ. ಒಬ್ಬರು ಒಳಗೆ ಹೋಗಿ ಬಂದರು, ಇನ್ನೊಬ್ಬರು ಹೋಗಿ ಬಂದರು. ಆಮೇಲೆ ನಮ್ಮ ನಂಬರು ಮತ್ತೆ ಬಂತು. ನರ್ಸು, "ಬನ್ನಿ ಅಜ್ಜಿ" ಎಂದು ಬಾಗಿಲು ಹಿಡಿದು ನಿಂತರು. ನಾನು ಆ ಜನರ ನಡುವೆ ನಿಂತು, ಇದು ನಮ್ಮನೆಯವರು ಮಾಡಿದ್ದು ಎಂದು ಕೂಗಿ ಹೇಳುವುದೊಂದು ಬಾಕಿ.

ಬರುವ ದಾರಿಯಲ್ಲಿ ಅತ್ತೆಗೆ ಎಲ್ಲ ಹೇಳಿದೆ, ಅಳಿಸಿದ್ದನ್ನೂ ಹೇಳಿದೆ.

"ಅಷ್ಟೂ ಅಳಿಸಿಬಿಟ್ನಾ?"

"ನಾಲ್ಕು ಸಾಲು ಉಳಿಸ್ಕೊಂಡ್ರು ಅತ್ತೆ. ನಿಮಗೇ ಅಂತ."

ಮನೆಗೆ ಬಂದು ಅತ್ತೆ ಅಡುಗೆಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ನಮ್ಮಿಬ್ಬರನ್ನೂ ಕೂಗಿದರು. ಹೋಗಿ ನೋಡಿದರೆ ಕುದಿಯುವ ಪಾತ್ರೆಯ ಮುಚ್ಚಳವನ್ನು ತಾವೇ ಎತ್ತಿ ಹಿಡಿದು ನಿಂತಿದ್ದರು.

"ಇನ್ನೂ ಬೆಂದಿಲ್ಲ" ಎಂದರು. "ಉಪ್ಪು ನೋಡಿ ಹೇಳಿ."