ಮುಕ್ಕಾದ ಹಿಡಿ

ನಮ್ಮ ದೊಡ್ಡಪ್ಪ ದರ್ಜಿ. ಅಂಗಿಗೆ ಅಳತೆ ಕೊಡಲು ಬಂದವರು ಕೊಲೆಯ ಕಥೆ ಕೇಳದೆ ಹೊರಗೆ ಹೋಗುವಂತಿರಲಿಲ್ಲ. ಟೇಪು ಕೊರಳಿಗೆ ಸುತ್ತಿರುವಾಗ ಓಡುವುದಾದರೂ ಎಲ್ಲಿಗೆ?

ಕಥೆ ಇಷ್ಟೇ. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ದೇಶದ ಪ್ರಧಾನಿಯನ್ನು ಗುಂಡಿಕ್ಕಿ ಕೊಂದರು. ಬಿದ್ದ ಪಿಸ್ತೂಲನ್ನು ಎತ್ತಿಕೊಂಡವನು ಪೊಲೀಸ್ ಪೇದೆಯಾಗಿದ್ದ ನಮ್ಮ ತಾತ. ಅದರ ಮರದ ಹಿಡಿ ಉಗುರಿನಷ್ಟು ಮುಕ್ಕಾಗಿತ್ತು ಎಂದು ಕೋರ್ಟಿನಲ್ಲಿ ಹೇಳಿದ. ಆದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿರುವ ಪಿಸ್ತೂಲಿನ ಹಿಡಿ ಮಗುವಿನ ಕೆನ್ನೆಯಂತೆ ನುಣ್ಣಗಿದೆ. ಪಿಸ್ತೂಲೇ ಬೇರೆ ಎಂದರು ಕೆಲವು ವಿದ್ವಾಂಸರು. ಪೇದೆ ಸುಳ್ಳುಗಾರ ಎಂದರು ಉಳಿದವರು. ಈ ಉಳಿದವರ ಪುಸ್ತಕವೇ ಶಾಲೆಗಳಿಗೆ ಬಂತು. ತಾತ ಆ ಹೆಸರು ಹೊತ್ತುಕೊಂಡೇ ಸತ್ತ. ದೊಡ್ಡಪ್ಪ ಬೆನ್ನು ಬಿಡದ ಬೇತಾಳನಂತೆ ಕಾಡಿದ ಮೇಲೆ, ಮ್ಯೂಸಿಯಂನವರು ತಜ್ಞರೊಬ್ಬರನ್ನು ಕರೆಸಲು ಒಪ್ಪಿದರು.

ತಜ್ಞರು ಬರುವ ದಿನ ಬೆಳಿಗ್ಗೆ ದೊಡ್ಡಪ್ಪನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ರೀ, ಆ ಮುಕ್ಕು ಮುಚ್ಚಿದ್ದು ನಮ್ಮಪ್ಪ."

ಅವಳಪ್ಪ ಅದೇ ಮ್ಯೂಸಿಯಂನಲ್ಲಿ ಬಡಗಿಯಾಗಿದ್ದ. ಮುರಿದದ್ದು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಪೆಟ್ಟಿಗೆ ಮಾಡಲು ಹೇಳಿದರೆ, ಒಳಗಿಡುವ ಪಿಸ್ತೂಲಿಗೂ ಮರದ ಚೂರು ಕೂರಿಸಿ ಪಾಲಿಶ್ ಹೊಡೆದಿದ್ದ. ಅದು ಸಾಕ್ಷ್ಯ ಎಂದು ಗೊತ್ತಾದ ಮೇಲೆ ಕೆಲಸ ಹೋದೀತೆಂದು ಹೆದರಿ, ಬಾಯಿ ಬಿಡಬಾರದೆಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದ. ಪೆಟ್ಟಿಗೆಯ ಮುಂದೆ ಬಂದು ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ ಪೇದೆಯ ಮಗನಿಗೇ ಹೆಣ್ಣು ಕೊಟ್ಟಿದ್ದು ಯಾಕೆಂದು ನಮಗೆ ಆಗ ತಿಳಿಯಿತು. ಅವಳಪ್ಪ ಹೋದ ವರ್ಷ ತೀರಿಕೊಂಡಿದ್ದ. ಇಷ್ಟು ಹೇಳಿ ದೊಡ್ಡಮ್ಮ ಅತ್ತಳು.

ಇಷ್ಟು ಕಾಲ ಒಂದೇ ಸೂರಿನ ಕೆಳಗಿದ್ದೂ ಮುಚ್ಚಿಟ್ಟಳಲ್ಲ ಎಂದು ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು. ಅರ್ಧ ಇಸ್ತ್ರಿಯಾದ ಅಂಗಿಯನ್ನೇ ತೊಟ್ಟು ಹೊರಟ. ನಾನೂ ಹಿಂದೆ ಓಡಿದೆ.

ತಜ್ಞರಿಗೆ ಎಲ್ಲವನ್ನೂ ಹೇಳಿದ. ಅವರು ಭೂತಗನ್ನಡಿ ಹಿಡಿದು ನೋಡಿದರು, ಬೆರಳಾಡಿಸಿದರು, ಬೆಳಕಿಗೆ ತಿರುಗಿಸಿದರು. ಎಲ್ಲೂ ಸಂದಿಲ್ಲ, ಮರದ ಎಳೆಯೂ ಕೂಡುತ್ತದೆ, ರಿಪೇರಿಯ ಮಾತು ಕಟ್ಟುಕಥೆ ಎಂದರು. ಹಿಡಿ ಬಿಚ್ಚಿ ನೋಡಿ ಸ್ವಾಮಿ ಎಂದು ದೊಡ್ಡಪ್ಪ ಕೈಮುಗಿದ. ಸಾಕ್ಷ್ಯವನ್ನು ಹಾಗೆಲ್ಲ ಕೆಡಿಸುವಂತಿಲ್ಲವಂತೆ. ಪೇದೆ ಹೇಳಿದ್ದು ಸುಳ್ಳು ಎಂದು ಮೊಹರು ಬಿತ್ತು.

ದೊಡ್ಡಪ್ಪನೂ ನಾನೂ ಮನೆಗೆ ಬಂದೆವು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಅವನ ಮುಖ ನೋಡಿ ತಲೆ ತಗ್ಗಿಸಿದಳು. ಅವನು ಚಪ್ಪಲಿ ಬಿಟ್ಟ.

"ತಜ್ಞರಿಗೂ ಸಂದು ಸಿಗಲಿಲ್ಲ ಕಣೆ," ಎಂದ. "ನಿಮ್ಮಪ್ಪನ ಕೆಲಸ ಅಂದ್ರೆ ಕೆಲಸ."

ಆಮೇಲೆ ಒಳಗೆ ಹೋಗಿ, ತಾತನ ಫೋಟೋದ ಮುಂದೆ ಕೂತು ಅತ್ತ.